ಬಗೆಬಗೆಯ ಕೋಳಿ, ಒಂದೇ ಹಿತ್ತಿಲು

ಹಳ್ಳಿಮನೆಯ ಆಸ್ತಿಯ ಲೆಕ್ಕ ಹೇಳುವಾಗ ಯಾರೂ ಕೋಳಿಯನ್ನು ಸೇರಿಸುವುದಿಲ್ಲ. ಇಷ್ಟು ಎಕರೆ ಹೊಲ, ಇಷ್ಟು ತೆಂಗಿನ ಮರ, ಎರಡು ಹಸು, ಒಂದು ಎಮ್ಮೆ ಎಂದು ಹೇಳಿ ಮುಗಿಸುತ್ತಾರೆ. ಆದರೆ ತೆಂಗಿನಕಾಯಿಯ ಹಣ ಸಾಲಕ್ಕೆ, ಹಾಲಿನ ಹಣ ದಿನಸಿ ಅಂಗಡಿಗೆ ಹೋದಮೇಲೆ ಮಗಳ ಜಾಮಿಟ್ರಿ ಬಾಕ್ಸಿಗೆ, ಮಗನ ಬಸ್ ಪಾಸಿಗೆ, ಅಜ್ಜಿಯ ಕಣ್ಣಿನ ಔಷಧಿಗೆ ಹಣ ಎಲ್ಲಿಂದ ಬಂತೆಂದು ಹುಡುಕಿದರೆ, ಅದು ಹಿತ್ತಿಲಿನಿಂದ ಬಂದಿರುತ್ತದೆ. ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟ ಆ ಹಣಕ್ಕೆ ಪಾಸ್‌ಬುಕ್ಕಿಲ್ಲ, ರಸೀದಿಯಿಲ್ಲ.

ಗುಬ್ಬಿ ಸೀಮೆಯ ಒಂದು ಹಳ್ಳಿಯಲ್ಲಿ ಇಂಥದೇ ಒಂದು ಮನೆ. ಅಜ್ಜಿ, ಅಪ್ಪ, ಅವ್ವ, ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗಿ. ಹಿತ್ತಿಲಲ್ಲಿ ನಾಲ್ಕು ನಾಟಿ ಹೇಂಟೆ, ಒಂದು ಹುಂಜ. ಸಂಕ್ರಾಂತಿ ಮುಗಿದ ವಾರ ಅಪ್ಪ ಬೆಂಗಳೂರಿಗೆ ಹೋದವನು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಗಿರಿರಾಜ ಮರಿಗಳನ್ನು ಹಿಡಿದು ಬಂದ. ಒಂದು ದಿನದ ಮರಿಗಳು. ಹತ್ತರಲ್ಲಿ ಅರ್ಧವಾದರೂ ಹುಂಜಗಳಾದರೆ ಯುಗಾದಿಯ ಮರುದಿನದ ಹೊಸತೊಡಕಿಗೆ ಒಳ್ಳೆಯ ಬೆಲೆಗೆ ಮಾರಬಹುದು, ಹೇಂಟೆಗಳನ್ನು ಮೊಟ್ಟೆಗೆ ಉಳಿಸಿಕೊಳ್ಳಬಹುದು, ಬರುವ ಹಣದಲ್ಲಿ ಹುಡುಗಿಗೆ ಹೈಸ್ಕೂಲಿಗೆ ಹೋಗಿಬರಲು ಸೈಕಲ್ ಕೊಳ್ಳಬಹುದು ಎಂಬುದು ಮನೆಯವರ ಲೆಕ್ಕ.

ಗಿರಿರಾಜ ಎಂಬುದು ಹೊರದೇಶದ ತಳಿಯಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1980ರ ದಶಕದಲ್ಲಿ, ಹಿತ್ತಿಲಿನಲ್ಲಿ ಮೇಯ್ದು ಬದುಕಲೆಂದೇ ವಿಜ್ಞಾನಿಗಳು ರೂಪಿಸಿದ ಕೋಳಿ. ಅಲ್ಲಿಂದಲೇ ಮುಂದೆ ಸ್ವರ್ಣಧಾರಾ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಇವೆಲ್ಲಕ್ಕೂ ಪುಕ್ಕ ಬಣ್ಣಬಣ್ಣದ್ದು, ನೋಡಲು ನಾಟಿಯಂತೆಯೇ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ, ಚೆನ್ನಾಗಿ ಮೇವು ಕೊಟ್ಟ ಗಿರಿರಾಜ ಅದರ ಎರಡರಷ್ಟಕ್ಕಿಂತ ಹೆಚ್ಚು ಇಡುತ್ತದೆ. ಹಾಗಾದರೆ ನಾಟಿಯನ್ನು ಬಿಟ್ಟು ಬರೀ ಇದನ್ನೇ ಸಾಕಬಾರದೇಕೆ ಎಂದು ಕೇಳಬಹುದು. ಆ ಪ್ರಶ್ನೆಗೆ ಮೊದಲ ರಾತ್ರಿಯೇ ಉತ್ತರ ಸಿಕ್ಕಿತು.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಅಪ್ಪ ದೊಡ್ಡ ಮಂಕರಿಯೊಂದನ್ನು ಕವುಚಿ, ಕೆಳಗೆ ಭತ್ತದ ಹೊಟ್ಟು ಹರಡಿ, ಮೇಲೊಂದು ಬಲ್ಬು ತೂಗುಹಾಕಿದ. ಮನೆಯಲ್ಲಿದ್ದದ್ದು ಎಲ್‌ಇಡಿ ಬಲ್ಬು. ಮಂಕರಿಯ ಒಳಗೆಲ್ಲ ಹಗಲಿನಂಥ ಬೆಳಕು. ಆದರೂ ಮರಿಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿ ಚಿಂವ್‌ಗುಟ್ಟುತ್ತಲೇ ಇದ್ದವು. ಅಜ್ಜಿ ಬಂದು ಕೈಯೊಡ್ಡಿ ನೋಡಿದಳು.

"ಮರಿಗೆ ಬೇಕಾಗಿರೋದು ಬೆಳಕಲ್ಲ ಕಣಪ್ಪ, ಕಾವು" ಎಂದಳು.

ಹಳೆಯ ತಂತಿಯ ಬಲ್ಬು ತನಗೆ ಬಂದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಕಳೆಯುತ್ತಿತ್ತು. ದೀಪವಾಗಿ ಅದು ದಂಡ, ಮರಿಗೆ ಮಾತ್ರ ವರ. ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ, ಆದ್ದರಿಂದಲೇ ಕೋಳಿಮರಿಯ ಪಾಲಿಗೆ ಅದು ಕೆಲಸಕ್ಕೆ ಬಾರದು. ಅಟ್ಟದಿಂದ 60 ವ್ಯಾಟಿನ ಹಳೆಯ ಬಲ್ಬೊಂದನ್ನು ಹುಡುಕಿ ತಂದು ಹಾಕಿದ ಮೇಲೆ ಮರಿಗಳು ಹರಡಿಕೊಂಡು ಮಲಗಿದವು. ಮರಿ ಸಾಕುವವರಿಗೆ ಥರ್ಮಾಮೀಟರು ಇಲ್ಲದಿದ್ದರೂ ನಡೆಯುತ್ತದೆ. ಮರಿಗಳು ಬಲ್ಬಿನ ಕೆಳಗೆ ಗುಂಪಾದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿಕೊಂಡಿದ್ದರೆ ಸರಿ.

ಎರಡನೆಯ ರಾತ್ರಿ ಕರೆಂಟು ಹೋಯಿತು. ಹತ್ತು ಗಂಟೆಯಾದರೂ ಬರಲಿಲ್ಲ. ಆಗ ಅಜ್ಜಿಗೆ ನೆನಪಾದದ್ದು ಕೆಂಪು ಹೇಂಟೆ. ಹದಿನೆಂಟು ದಿನದಿಂದ ಅದು ನಡುಮನೆಯ ಮೂಲೆಯ ಕುಕ್ಕೆಯಲ್ಲಿ ಕಾವು ಕೂತಿತ್ತು. ಕತ್ತಲಲ್ಲೇ ಅಜ್ಜಿ ಅದರ ಹೊಟ್ಟೆಯ ಕೆಳಗಿನ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು, ಒಂದೊಂದಾಗಿ ಮರಿಗಳನ್ನು ಸೇರಿಸಿದಳು. ಹೇಂಟೆ ಒಮ್ಮೆ ಗುರ್ರೆಂದು ಪುಕ್ಕ ಕೆದರಿ ಮತ್ತೆ ತಗ್ಗಿತು. ಬೆಳಗಾಗುವ ಹೊತ್ತಿಗೆ ರೆಕ್ಕೆಯ ಸಂದಿಗಳಿಂದ ಹತ್ತು ತಲೆಗಳು ಇಣುಕುತ್ತಿದ್ದವು.

ಈ ಉಪಾಯ ಎಲ್ಲ ಹೇಂಟೆಯ ಬಳಿಯೂ ನಡೆಯದು. ಎರಡು ವಾರವಾದರೂ ಕಾವು ಕೂತಿರುವ ಹೇಂಟೆಯಾಗಬೇಕು, ಮರಿಗಳು ಒಂದೆರಡು ದಿನದವಾಗಿರಬೇಕು, ಕೆಲಸ ಕತ್ತಲಲ್ಲಿ ಆಗಬೇಕು. ಗಿರಿರಾಜದಂಥ ಕೋಳಿಗಳಂತೂ ಕಾವು ಕೂರುವುದೇ ಇಲ್ಲವೆನ್ನಬಹುದು. ಕಾವು ಕೂತ ಹೇಂಟೆ ಅಷ್ಟು ಕಾಲ ಮೊಟ್ಟೆಯಿಡುವುದಿಲ್ಲವಲ್ಲ. ಹೆಚ್ಚು ಮೊಟ್ಟೆಯಿಡುವ ಕೋಳಿಗಳನ್ನೇ ತಲೆಮಾರುಗಟ್ಟಲೆ ಆರಿಸುತ್ತ ಬಂದಾಗ ಕಾವು ಕೂರುವ ಗುಣ ತಾನಾಗಿ ಹಿಂದೆ ಉಳಿಯಿತು. ಹೀಗಾಗಿ ಹಿತ್ತಿಲಿನಲ್ಲಿ ಎರಡೂ ಬೇಕು. ಒಂದು ಮೊಟ್ಟೆಗೆ, ಇನ್ನೊಂದು ತಾಯ್ತನಕ್ಕೆ.

ಇಲ್ಲೊಂದು ಮಾತು ನೆನಪಿಡಬೇಕು. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಇಟ್ಟು ಮರಿ ಮಾಡಿಸಬಹುದು. ಹೇಂಟೆಯ ಮೈಯಳತೆ ನೋಡಿ ಎಂಟೋ ಒಂಬತ್ತೋ ಮೊಟ್ಟೆ ಇಟ್ಟರೆ ಸಾಕು. ಏಳನೆಯ ರಾತ್ರಿ ಟಾರ್ಚಿನ ಮುಂದೆ ಹಿಡಿದರೆ ಜೀವವಿರುವ ಮೊಟ್ಟೆಯೊಳಗೆ ಜೇಡರಬಲೆಯಂಥ ಕೆಂಪು ನರಗಳು ಕಾಣುತ್ತವೆ, ಬರಿದಾಗಿ ಹೊಳೆದರೆ ತೆಗೆದುಬಿಡಬೇಕು. ಇಪ್ಪತ್ತೊಂದನೆಯ ದಿನ ಮರಿ ಹೊರಗೆ. ಆದರೆ ಆ ಮರಿಗಳು ತಾಯಿಯಷ್ಟೇ ಮೊಟ್ಟೆ ಇಡುತ್ತವೆಂದು ನಂಬಬಾರದು. ಗಿರಿರಾಜವೇ ಮಿಶ್ರ ತಳಿ. ಮುಂದಿನ ಪೀಳಿಗೆಯಲ್ಲಿ ಗುಣಗಳು ಹಂಚಿಹೋಗುತ್ತವೆ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡದ್ದನ್ನು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ಪ್ರಾಣಿಗಳಲ್ಲಿಯೂ ತೋರಿಸಿದ್ದು ಇದೇ ಕೋಳಿಯ ಜುಟ್ಟನ್ನು ಇಟ್ಟುಕೊಂಡು. ಹೆಚ್ಚು ಮೊಟ್ಟೆ ಬೇಕೆನ್ನುವವರು ನಾಲ್ಕಾರು ಹೊಸ ಮರಿಗಳನ್ನು ಆಗಾಗ ಕೊಂಡುತರುವುದೇ ಸರಿ.

ಮಿಶ್ರಣವೆಂದರೆ ನಾಟಿಯ ಶುದ್ಧತೆ ಕೆಟ್ಟಿತೆಂದು ಕೊರಗುವ ಹಿರಿಯರೂ ಉಂಟು. ಅವರು ತಮ್ಮ ಹಿತ್ತಿಲಿನ ಕೋಳಿಯ ಕಾಲನ್ನು ಒಮ್ಮೆ ನೋಡಬೇಕು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲು, ಹಳದಿ ಚರ್ಮದ ಗುಣ ಅದರಿಂದ ಬಂದದ್ದಲ್ಲ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ವಂಶವಾಹಿಗಳನ್ನು ಪರೀಕ್ಷಿಸಿ ತಿಳಿಸಿದರು. ಕೋಳಿ ಮೊದಲಿನಿಂದಲೂ ಬೆರಕೆಯೇ.

ಗಿರಿರಾಜ ಮರಿಗಳಿಗೆ ಕೆಂಪು ಹೇಂಟೆ ತಿಪ್ಪೆ ಕೆರೆಯುವುದನ್ನು ಕಲಿಸಿತು, ಗಿಡುಗದ ನೆರಳು ಬಿದ್ದರೆ ಬೇಲಿಯಡಿ ನುಗ್ಗುವುದನ್ನು ಕಲಿಸಿತು. ಆರು ವಾರ ತುಂಬುವ ಹೊತ್ತಿಗೆ ಮರಿಗಳು ತಾಯಿಯ ಗಾತ್ರಕ್ಕೆ ಬಂದವು. ಆದರೂ ಅದರ ರೆಕ್ಕೆಯಡಿ ತಲೆಯೊಂದನ್ನಾದರೂ ತೂರಿಸಿ ಮಲಗುವ ಹಟ ಬಿಡಲಿಲ್ಲ. ಏಳನೆಯ ವಾರ ಒಂದು ಬೆಳಿಗ್ಗೆ ಹೇಂಟೆ ಅವುಗಳನ್ನೆಲ್ಲ ಕುಕ್ಕಿ ದೂರ ಅಟ್ಟಿತು. ತಾಯಿಯ ರಕ್ಷಣೆ ಹೋದದ್ದೇ ತಡ, ಉಳಿದ ಮೂರು ಹೇಂಟೆಗಳೂ ಮೇಲೆ ಬಿದ್ದವು.

ಇದು ಜಗಳವಲ್ಲ, ಕೋಳಿಯ ಸಮಾಜದ ಕಟ್ಟಳೆ. ನಾರ್ವೆ ದೇಶದ ಷೆಲ್ಡರಪ್ ಎಬ್ಬೆ ಎಂಬಾತ ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ 1920ರ ದಶಕದ ಆರಂಭದಲ್ಲಿ ಅದನ್ನೇ ವಿಜ್ಞಾನದ ಪ್ರಬಂಧವಾಗಿ ಪ್ರಕಟಿಸಿದ. ಗುಂಪಿನಲ್ಲಿ ಪ್ರತಿ ಕೋಳಿಗೂ ಒಂದು ಸ್ಥಾನವಿದೆ, ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ, ಸ್ಥಾನ ಒಮ್ಮೆ ನಿಶ್ಚಯವಾದರೆ ಗುಂಪು ಶಾಂತವಾಗುತ್ತದೆ ಎಂಬುದು ಅವನು ಕಂಡ ಸತ್ಯ. ಹೊಸ ಕೋಳಿ ಬಂದರೆ ಲೆಕ್ಕವೆಲ್ಲ ಮೊದಲಿನಿಂದ ಆಗಬೇಕು. ರಕ್ತ ಬರುವುದು ಆಗಲೇ.

ಹುಡುಗಿಯೂ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮನೆಮನೆ ಗೆರೆ ಎಳೆದು ಒಂದು ವಾರ ಹಾಗೆಯೇ ಬರೆದಳು. ಆಶ್ಚರ್ಯವೆಂದರೆ ಗಾತ್ರಕ್ಕೂ ಸ್ಥಾನಕ್ಕೂ ಸಂಬಂಧವಿರಲಿಲ್ಲ. ಒಂದು ಕೇಜಿ ತೂಗುವ ಮುದಿ ಕರಿ ಹೇಂಟೆ ಎಲ್ಲರ ಮೇಲೆ. ಅದಕ್ಕಿಂತ ಭಾರವಾಗಿದ್ದ ಗಿರಿರಾಜಗಳು ಎಲ್ಲರ ಕೆಳಗೆ, ಮೇವಿನ ಬಾನಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಕಟ್ಟಳೆಯನ್ನು ನಿಲ್ಲಿಸಲಾಗದು, ಅದರ ಏಟನ್ನು ಕಡಿಮೆ ಮಾಡಬಹುದು. ಮೇವಿನ ಬಾನಿ ಒಂದೇ ಇದ್ದರೆ ಮೇಲಿನದು ಕಾವಲು ಕೂರುತ್ತದೆ, ದೂರದೂರಕ್ಕೆ ಮೂರು ಇಟ್ಟರೆ ಅದಕ್ಕೆ ಕಾಯಲಾಗದು. ಹೊಸ ಕೋಳಿಗಳನ್ನು ಒಂದು ವಾರ ಜಾಲರಿಯ ಆಚೆ, ಕಣ್ಣಿಗೆ ಕಾಣುವಂತೆ, ಕೊಕ್ಕಿಗೆ ಸಿಗದಂತೆ ಇಡಬೇಕು. ಆಮೇಲೆ ಗೂಡು ಸೇರುವ ಸಂಜೆ ಹೊತ್ತಿನಲ್ಲಿ ಬಿಡಬೇಕು. ಒಂಟಿಯಾಗಿ ಎಂದೂ ಬಿಡದೆ ಎರಡು ಮೂರನ್ನು ಜೊತೆಗೆ ಬಿಡಬೇಕು. ಕೂರುವ ಗಳು ಕೋಳಿಯೊಂದಕ್ಕೆ ಒಂದು ಗೇಣಿನಷ್ಟಾದರೂ ಬೇಕು. ಗಾಯವಾಗಿ ರಕ್ತ ಕಂಡ ಕೋಳಿಯನ್ನು ಆ ಕ್ಷಣವೇ ಬೇರೆ ಮಾಡಬೇಕು, ಇಲ್ಲವಾದರೆ ಕೆಂಪು ಕಂಡಲ್ಲೆಲ್ಲ ಉಳಿದವು ಕುಕ್ಕುತ್ತವೆ. ಹುಂಜ ಎಂಟು ಹತ್ತು ಹೇಂಟೆಗೆ ಒಂದು ಸಾಕು. ಗಿರಿರಾಜ ಹುಂಜ ಬಲಿತರೆ ಮೂರು ನಾಲ್ಕು ಕೇಜಿ ತೂಗುತ್ತದೆ. ಅದರ ಭಾರಕ್ಕೆ ಸಣ್ಣ ನಾಟಿ ಹೇಂಟೆಯ ಬೆನ್ನಿನ ಪುಕ್ಕವೆಲ್ಲ ಉದುರಿಹೋಗುತ್ತದೆ.

ಮೇವಿನ ವಿಷಯದಲ್ಲಿಯೂ ಬೆರಕೆ ಹಿಂಡಿಗೆ ಒಂದು ತೊಡಕಿದೆ. ಮೊಟ್ಟೆಯ ಸಿಪ್ಪೆ ಸುಮಾರಾಗಿ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟು. ಒಂದು ಸಿಪ್ಪೆಯಲ್ಲಿ ಎರಡು ಗ್ರಾಮಿನಷ್ಟು ಕ್ಯಾಲ್ಸಿಯಂ ಇರುತ್ತದೆ. ಅದು ಮೇವಿನಿಂದ ಬರದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಹಾಗೆಂದು ಮೊಟ್ಟೆಕೋಳಿಯ ಮೇವನ್ನೇ ಮರಿಗಳಿಗೂ ಹಾಕಿದರೆ ಹೆಚ್ಚಾದ ಸುಣ್ಣದ ಅಂಶ ಅವುಗಳ ಮೂತ್ರಪಿಂಡಕ್ಕೆ ಏಟು. ಪರಿಹಾರ ಸುಲಭ. ಮೇವು ಎಲ್ಲರಿಗೂ ಒಂದೇ ಇರಲಿ. ಪುಡಿಮಾಡಿದ ಕಪ್ಪೆಚಿಪ್ಪನ್ನೋ ತೊಳೆದು ಒಣಗಿಸಿ ಪುಡಿಮಾಡಿದ ಮೊಟ್ಟೆಸಿಪ್ಪೆಯನ್ನೋ ಬೇರೊಂದು ಚಿಪ್ಪಿನಲ್ಲಿ ಇಟ್ಟರೆ, ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಸಿಪ್ಪೆ ಕಟ್ಟುವ ಕೆಲಸ ರಾತ್ರಿಯಿಡೀ ನಡೆಯುವುದರಿಂದ ಸಂಜೆ ಇಡುವುದು ಒಳ್ಳೆಯದು. ಮರಿಗಳ ಪಾಲು ದೊಡ್ಡವು ಕಸಿಯದಂತೆ, ಮಂಕರಿಯನ್ನು ಕಲ್ಲಿನ ಮೇಲೆ ಕವುಚಿ ಮರಿ ಮಾತ್ರ ನುಗ್ಗುವಷ್ಟು ಸಂದು ಬಿಟ್ಟು, ಒಳಗೆ ಮೇವಿಡಬೇಕು.

ರಾಗಿ, ನುಚ್ಚು, ತೌಡು, ಸ್ವಲ್ಪ ಕಡಲೇಕಾಯಿ ಹಿಂಡಿ, ಹುಳುಹುಪ್ಪಟೆಗೆ ತಿಪ್ಪೆ ಇಷ್ಟಿದ್ದರೆ ಹಿತ್ತಿಲಿನ ಕೋಳಿಗೆ ಹೊಟ್ಟೆ ತುಂಬುತ್ತದೆ. ತೌಡನ್ನು ಕೀಳೆಂದು ನೋಡಬಾರದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಷ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡು ತೆಗೆಯದ ಅಕ್ಕಿ ಕೊಟ್ಟಾಗ ಅವು ಎದ್ದು ಓಡಾಡುವುದನ್ನೂ ಕಂಡ. ಮನುಷ್ಯರ ಬೆರಿಬೆರಿ ರೋಗದ ಕಾರಣಕ್ಕೆ ದಾರಿ ತೋರಿಸಿದ್ದು ಆ ಕೋಳಿಗಳು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಆದರೆ ಬೂಸಲು ಹಿಡಿದ ಹಿಂಡಿಯನ್ನು, ಮನುಷ್ಯರಿಗೆ ಬೇಡವೆಂದು ಕೋಳಿಗೆ ಹಾಕುವ ಅಭ್ಯಾಸ ಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತದ್ದು ಬೂಸಲು ಹಿಡಿದ ಕಡಲೇಕಾಯಿ ಹಿಂಡಿಯಿಂದ.

ಟರ್ಕಿ ಎಂದಾಗ ಇನ್ನೊಂದು ಮಾತು. ಜೋಡಿ ಟರ್ಕಿಯನ್ನೂ ತಂದು ಬಿಡುವ ಆಸೆ ಅಪ್ಪನಿಗಿತ್ತು. ಕೋಳಿಯ ಕರುಳಿನ ಹುಳುವಿನ ಮೊಟ್ಟೆಯೊಳಗೆ ಅಡಗಿ ಬರುವ ಒಂದು ಸೂಕ್ಷ್ಮಜೀವಿ ಕೋಳಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ, ಟರ್ಕಿಯನ್ನು ಮಾತ್ರ ಕೊಲ್ಲುತ್ತದೆ. ಎರಡನ್ನೂ ಒಂದೇ ನೆಲದಲ್ಲಿ ಮೇಯಿಸಬಾರದೆಂದು ಪಶು ಆಸ್ಪತ್ರೆಯ ಡಾಕ್ಟರು ಹೇಳಿದ ಮೇಲೆ ಆ ಆಸೆ ಅಲ್ಲಿಗೇ ನಿಂತಿತು.

ಅವ್ವನ ಆಸೆಯನ್ನು ಮಾತ್ರ ಯಾರೂ ಕೇಳಲಿಲ್ಲ, ತಡೆಯಲೂ ಇಲ್ಲ. ಮರಿಗಳಿಗೆ ಎಂಟು ವಾರ ತುಂಬಿದ ವಾರದ ಸಂತೆಯಲ್ಲಿ ಕತ್ತಿನಲ್ಲಿ ಪುಕ್ಕವಿಲ್ಲದ ಎರಡು ಹೇಂಟೆಗಳು ಅಗ್ಗಕ್ಕೆ ಸಿಕ್ಕವೆಂದು ಕಾಲು ಕಟ್ಟಿ ಚೀಲದಲ್ಲಿ ಹಾಕಿಕೊಂಡು ಬಂದಳು. ಈ ಜಾತಿ ಬೇಸಗೆಯ ಸೆಕೆಯನ್ನು ಚೆನ್ನಾಗಿ ತಡೆಯುತ್ತದೆ. ಅವಳ ಆಯ್ಕೆ ತಪ್ಪಲ್ಲ. ಆದರೆ ಹಬ್ಬದ ಮುಂದಿನ ಸಂತೆಯಲ್ಲಿ ಕೋಳಿ ಅಗ್ಗವಾಗುವುದಕ್ಕೆ ಏನಾದರೂ ಕಾರಣವಿರಬೇಕು ಎಂದು ಅಜ್ಜಿ ಗೊಣಗಿದಳು. ಸಂತೆಯ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟೇ ಹಿಂಡಿಗೆ ಸೇರಿಸಬೇಕೆಂಬುದು ಹುಡುಗಿಗೆ ಗೊತ್ತಿತ್ತು. ಹಟ ಹಿಡಿದು ಅವೆರಡನ್ನೂ ದನದ ಕೊಟ್ಟಿಗೆಯ ಆಚೆ ತುದಿಯಲ್ಲಿ ಮಂಕರಿಯಡಿ ಇರಿಸಿದಳು. ನೀರಿನ ಚಿಪ್ಪೂ ಬೇರೆ. ಮನೆಯ ಕೋಳಿಗಳಿಗೆ ಮೇವು ಹಾಕಿದ ಮೇಲೆಯೇ ಅವುಗಳ ಹತ್ತಿರ ಹೋಗುವುದು, ಬಂದು ಸೋಪು ಹಾಕಿ ಕೈಕಾಲು ತೊಳೆಯುವುದು.

ಐದನೆಯ ದಿನ ಅವುಗಳಲ್ಲೊಂದು ಹಸಿರು ಹಿಕ್ಕೆ ಹಾಕಿತು. ಮಧ್ಯಾಹ್ನಕ್ಕೆ ಬಾಯಿ ತೆರೆದು ಏದುಸಿರು. ಮರುದಿನ ಕತ್ತು ತಿರುಚಿಕೊಂಡು ಬಿತ್ತು. ಅಜ್ಜಿಗೆ ಹೆಸರು ಹೇಳಬೇಕಾಗಿರಲಿಲ್ಲ. ಕೊಕ್ಕರೆ ರೋಗ. ನಾಲ್ಕು ವರ್ಷದ ಹಿಂದೆ ಇದೇ ರೋಗ ಒಂದು ವಾರದಲ್ಲಿ ಇಡೀ ಬೀದಿಯ ಕೋಳಿಗೂಡುಗಳನ್ನು ಖಾಲಿ ಮಾಡಿತ್ತು. ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ 1920ರ ದಶಕದಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂದೇ ಹೆಸರು. ವೈರಸ್ಸಿನಿಂದ ಬರುವ ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿದೆ.

ಆ ರಾತ್ರಿ ಅವ್ವ ಹೇಳಿದ್ದು ಎರಡೇ ಮಾತು. ಯಾರಿಗೂ ಹೇಳಬೇಡಿ. ನಾಳೆಯೇ ಸಂತೆಗೆ ಹೊರಟು ಇರುವ ಹುಂಜಗಳನ್ನೆಲ್ಲ ಬಂದ ಬೆಲೆಗೆ ಮಾರಿಬಿಡೋಣ.

ಅವಳನ್ನು ಕೆಟ್ಟವಳೆನ್ನಲಾಗದು. ಗಿರಿರಾಜದಲ್ಲಿ ಆರು ಹುಂಜಗಳಾಗಿದ್ದವು, ಒಂದೊಂದೂ ಒಂದೂವರೆ ಕೇಜಿಯ ಹತ್ತಿರಕ್ಕೆ ಬಂದಿದ್ದವು. ಸೈಕಲ್ಲಿನ ಹಣ ಅಲ್ಲಿ ಗಳುವಿನ ಮೇಲೆ ಕೂತಿತ್ತು. ಇಂದು ಮಾರಿದರೆ ಹಣ, ಕಾದರೆ ಗುಂಡಿಗೆ. ಸಾವಿರಾರು ಮನೆಗಳಲ್ಲಿ ಹೆಂಗಸರು ಹಾಕುವ ಲೆಕ್ಕವೇ ಇದು. ಅವಳು ಕೊಂಡ ಬೋಳುಕತ್ತಿನ ಹೇಂಟೆಗಳನ್ನು ಸಂತೆಗೆ ತಂದವರೂ ಹಿಂದಿನ ವಾರ ಇದೇ ಲೆಕ್ಕ ಹಾಕಿರಬೇಕು.

ಹುಡುಗಿ ಹೇಳಿದ್ದೂ ಅದನ್ನೇ. "ನಮಗೆ ಮಾರಿದೋರು ಮಾಡಿದ್ದನ್ನೇ ನಾವು ಇನ್ನೊಬ್ಬರಿಗೆ ಮಾಡೋದಾ ಅವ್ವಾ?"

ಅವ್ವ ಉತ್ತರ ಕೊಡಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು, ತೋಟದ ಅಂಚಿನಲ್ಲಿ ಮೊಳಕಾಲುದ್ದದ ಗುಂಡಿ ತೋಡಿ, ಸತ್ತದ್ದನ್ನು ಸುಣ್ಣ ಹಾಕಿ ಹೂತು ಬಂದ. ಸಂತೆಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಅವನು ನೇರ ಪಶು ಆಸ್ಪತ್ರೆಗೆ ಹೋದ.

ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಬೀದಿಯಲ್ಲಿ ಒಟ್ಟು ಎಷ್ಟು ಕೋಳಿಗಳಿವೆ ಎಂದು. ಮರಿಗಳಿಗೆ ಏಳನೆಯ ದಿನ ಕಣ್ಣಿಗೆ ಹನಿ ಹಾಕಿಸಿಯಾಗಿತ್ತು, ನಾಲ್ಕನೆಯ ವಾರ ಇನ್ನೊಮ್ಮೆ. ಎಂಟನೆಯ ವಾರ ರೆಕ್ಕೆಯ ಚರ್ಮದಡಿ ಕೊಡುವ ಚುಚ್ಚುಮದ್ದು ಬಾಕಿ. ಅದು ಆರ್‌ಟುಬಿ ಎಂಬ ಲಸಿಕೆ, ಅದೇ ಕುಮಾವೂಂ ಬೆಟ್ಟದ ಮುಕ್ತೇಶ್ವರದಲ್ಲಿ ರೂಪುಗೊಂಡದ್ದು. ಆದರೆ ಆ ಲಸಿಕೆ ಬರುವುದು ನೂರು ಕೋಳಿಗಾಗುವ ಸೀಸೆಯಲ್ಲಿ. ಸೀಸೆ ತೆರೆದು ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಅಲ್ಲಿಯವರೆಗೂ ಮಂಜಿನಲ್ಲಿರಬೇಕು. ಹದಿನೈದು ಕೋಳಿಯ ಮನೆಗೆ ನೂರರ ಸೀಸೆ ತೆರೆಯುವವರಾರು? ಹಿತ್ತಿಲಿನ ಕೋಳಿಗಳಿಗೆ ಲಸಿಕೆ ತಪ್ಪುವುದಕ್ಕೆ ಅಜ್ಞಾನಕ್ಕಿಂತ ದೊಡ್ಡ ಕಾರಣ ಈ ಸೀಸೆಯ ಅಳತೆ. ಇನ್ನೂ ಒಂದು ವಿಷಯ. ಲಸಿಕೆ ಹಾಕಿದ ಕೂಡಲೇ ಕೋಳಿಗೆ ಕವಚ ತೊಡಿಸಿದಂತಾಗುವುದಿಲ್ಲ, ಮೈಯಲ್ಲಿ ಶಕ್ತಿ ಕೂಡಲು ವಾರ ಹತ್ತು ದಿನ ಬೇಕು. ಸುತ್ತಲಿನ ಮನೆಗಳ ಕೋಳಿಗಳು ಸಾಯುತ್ತಿರುವಾಗ ಒಂದೇ ಮನೆಯಲ್ಲಿ ಚುಚ್ಚಿದರೆ ಪ್ರಯೋಜನ ಕಡಿಮೆ.

ಬೀದಿಯ ಮನೆಗಳು ಹನ್ನೊಂದು. ಲೆಕ್ಕ ಬರೆದು ತರುವ ಕೆಲಸ ಹುಡುಗಿಯದಾಯಿತು. ಒಂಬತ್ತು ಮನೆಗಳಲ್ಲಿ ಹೇಳುವುದು ಕಷ್ಟವಾಗಲಿಲ್ಲ. ಹತ್ತನೆಯದು ಪಕ್ಕದ ಮನೆ. ಅಲ್ಲಿಯ ದೊಡ್ಡವ್ವನಿಗೂ ಇವಳ ಅವ್ವನಿಗೂ ಮಾತು ಬಿಟ್ಟು ಒಂದು ವರ್ಷ. ಕಾರಣವೂ ಕೋಳಿಯೇ. ಆ ಮನೆಯ ಕೋಳಿಗಳು ಬಂದು ಈ ಮನೆಯ ದಂಟಿನ ಸೊಪ್ಪಿನ ಪಾತಿ ಕೆರೆದಿದ್ದವು. ಈ ಮನೆಯವರು ಎಸೆದ ಕಲ್ಲು ಒಂದು ಹೇಂಟೆಯ ಕಾಲು ಮುರಿದಿತ್ತು.

ಹುಡುಗಿ ಬಾಗಿಲಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. "ದೊಡ್ಡವ್ವಾ, ನಮ್ಮನೇಲಿ ಸಂತೆ ಕೋಳಿಗೆ ಕೊಕ್ಕರೆ ರೋಗ ಬಂದಿದೆ. ನಾಳೆ ಬೆಳಿಗ್ಗೆ ಡಾಕ್ಟರು ಬರ್ತಾರೆ. ನಿಮ್ಮ ಕೋಳಿಗಳನ್ನ ಗೂಡಿಂದ ಬಿಡಬೇಡಿ."

"ನಿಮ್ಮವ್ವ ಕಳಿಸಿದ್ಲಾ, ನೀನೇ ಬಂದ್ಯಾ?"

"ನಾನೇ ಬಂದೆ."

ದೊಡ್ಡವ್ವ ಬೀದಿಗೆಲ್ಲ ಕೇಳುವಂತೆ ಬೈದಳು. ಅಗ್ಗಕ್ಕೆ ಆಸೆಪಟ್ಟು ಊರಿಗೆ ರೋಗ ತಂದರೆಂದಳು. ಒಳಗೆ ಒಲೆಯ ಮುಂದೆ ಕೂತ ಅವ್ವನಿಗೆ ಪ್ರತಿ ಮಾತೂ ಕೇಳಿಸಿತು. ಬೈದು ಮುಗಿಸಿದ ಮೇಲೆ ದೊಡ್ಡವ್ವ, "ಒಂಬತ್ತು ಅವೆ, ಬರ್ಕೊ" ಎಂದಳು.

ಹಾಳೆಯಲ್ಲಿ ಒಟ್ಟು ಎಪ್ಪತ್ತನಾಲ್ಕಾಯಿತು. ಮರುದಿನ ಬಿಸಿಲೇರುವ ಮುನ್ನ, ಮಂಜು ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಬಂತು. ಕಾಯಿಲೆಯ ಲಕ್ಷಣವಿದ್ದ ಕೋಳಿಗಳನ್ನು ಬಿಟ್ಟು ಉಳಿದವುಗಳಿಗೆ ಮನೆಮನೆಯ ಬಾಗಿಲಲ್ಲಿ ಚುಚ್ಚಿದರು. ಒಂದೊಂದು ಮನೆಗೂ ಹೋಗುವ ಮುಂಚೆ ಡಾಕ್ಟರು ಕೈ ತೊಳೆದು, ಚಪ್ಪಲಿಯ ತಳಕ್ಕೆ ಔಷಧಿ ಹಚ್ಚಿಕೊಳ್ಳುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಹೋಗುವಾಗ ಒಂದು ಮಾತು ಹೇಳಿ ಹೋದರು. ಒಂದೇ ಸಲಕ್ಕೆ ಹಲವು ಕೋಳಿಗಳು ಸತ್ತರೆ ಮುಚ್ಚಿಡಬಾರದು, ಕೈಯಿಂದ ಮುಟ್ಟಬಾರದು, ಆಸ್ಪತ್ರೆಗೆ ತಿಳಿಸಬೇಕು. ಕೊಕ್ಕರೆ ರೋಗದಂತೆಯೇ ಕಾಣುವ ಹಕ್ಕಿಜ್ವರ ಮನುಷ್ಯರಿಗೂ ತಗಲಬಲ್ಲದು. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೂ ಬಂದಿತ್ತು. ಯಾವುದು ಯಾವುದೆಂದು ಹೇಳಬೇಕಾದದ್ದು ಪ್ರಯೋಗಾಲಯವೇ ಹೊರತು ಬೀದಿಯ ಮಾತಲ್ಲ.

ಆಮೇಲಿನ ಮೂರು ವಾರ ಆ ಬೀದಿಯಿಂದ ಒಂದು ಕೋಳಿಯೂ ಸಂತೆಗೆ ಹೋಗಲಿಲ್ಲ. ಹೊಸತೊಡಕು ಬಂದು ಹೋಯಿತು. ಗಿರಿರಾಜ ಹುಂಜಗಳು ಗಳುವಿನ ಮೇಲೆಯೇ ಇದ್ದವು. ಕೊಟ್ಟಿಗೆಯ ಎರಡನೆಯ ಬೋಳುಕತ್ತಿನ ಹೇಂಟೆ ಸತ್ತಿತು. ಎಲ್ಲರ ಮೇಲೆ ಆಳುತ್ತಿದ್ದ ಮುದಿ ಕರಿ ಹೇಂಟೆಯೂ ಸತ್ತಿತು. ಪಕ್ಕದ ಮನೆಯ ಒಂಬತ್ತರಲ್ಲಿ ಮೂರು ಹೋದವು. ಲಸಿಕೆಗೆ ಮುಂಚೆಯೇ ಅವುಗಳ ಮೈಗೆ ರೋಗ ಹೊಕ್ಕಿರಬೇಕು. ಅದು ಈ ಮನೆಯಿಂದ ಬಂತೋ ಬೇರೆಲ್ಲಿಂದ ಬಂತೋ ಹೇಳಬಲ್ಲವರಿಲ್ಲ. ದೊಡ್ಡವ್ವನಿಗೆ ಮಾತ್ರ ಆ ವಿಷಯದಲ್ಲಿ ಸಂಶಯವಿಲ್ಲ. ಬೀದಿಯ ಉಳಿದ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಸತ್ತದ್ದು ಬಿಟ್ಟರೆ ನಾಲ್ಕು ವರ್ಷದ ಹಿಂದಿನಂತೆ ಯಾವ ಗೂಡೂ ಖಾಲಿಯಾಗಲಿಲ್ಲ.

ಹುಂಜಗಳು ವೈಶಾಖದಲ್ಲಿ ಮಾರಾಟವಾದವು. ಹಬ್ಬದ ಬೆಲೆ ಸಿಗಲಿಲ್ಲ. ಬಂದ ಹಣ ಹೊಸ ಸೈಕಲ್ಲಿಗೆ ಸಾಲದೆ, ತಿಪಟೂರಿನ ಕಡೆಯ ನೆಂಟರೊಬ್ಬರ ಹಳೆಯ ಸೈಕಲ್ ಬಂತು. ಚೈನು ಆಗಾಗ ಕಳಚುತ್ತದೆ. ಅವ್ವ ಮಾರಿದ ದಿನ ಹಣವನ್ನು ಎರಡು ಸಲ ಎಣಿಸಿ, ಏನೂ ಅನ್ನದೆ ಮಗಳ ಕೈಗೆ ಕೊಟ್ಟಳು.

ಉಳಿದ ನಾಲ್ಕು ಗಿರಿರಾಜ ಹೇಂಟೆಗಳು ಸಣ್ಣಗೆ ಕೆಂಪೇರುತ್ತಿರುವ ಜುಟ್ಟು ಹೊತ್ತು ಹಿತ್ತಿಲು ತಿರುಗುತ್ತಿವೆ. ಕರಿ ಹೇಂಟೆಯ ಸ್ಥಾನಕ್ಕೆ ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಂಪು ಹೇಂಟೆ ಮತ್ತೆ ಕಾವು ಕೂತಿದೆ.

ಅವ್ವನಿಗೂ ದೊಡ್ಡವ್ವನಿಗೂ ಇನ್ನೂ ಮಾತಿಲ್ಲ. ದಂಟಿನ ಪಾತಿಗೆ ಮಾತ್ರ ಮುಳ್ಳಿನ ಬೇಲಿ ಬಂದಿದೆ. ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು, ಅದಕ್ಕೆ ವಾರ ಮೊದಲು ಎಲ್ಲ ಕೋಳಿಗಳಿಗೂ ಜಂತುಹುಳುವಿನ ಔಷಧಿ ಕುಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆ ಲೆಕ್ಕಕ್ಕೆ ಮುಂದಿನ ಸೀಸೆ ದಸರಾ ರಜೆಯ ಹೊತ್ತಿಗೆ ಬೇಕು. ಹುಡುಗಿ ಆಗ ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿಸಿ ಕೂತಿರುತ್ತಾಳೋ, ಸ್ಪೆಷಲ್ ಕ್ಲಾಸಿಗೆ ಓಡುತ್ತಿರುತ್ತಾಳೋ ಗೊತ್ತಿಲ್ಲ. ಅದಕ್ಕೆಂದೇ ಹನ್ನೊಂದು ಮನೆಗಳ ಪಟ್ಟಿಯನ್ನು ಇನ್ನೊಂದು ಹಾಳೆಗೆ ನಕಲು ಮಾಡಿ, ಆಸ್ಪತ್ರೆಯ ಫೋನ್ ನಂಬರು ಬರೆದು, ಏಳನೆಯ ತರಗತಿಯಲ್ಲಿ ಓದುವ ದೊಡ್ಡವ್ವನ ಮೊಮ್ಮಗನಿಗೆ ಕೊಟ್ಟಿದ್ದಾಳೆ. ಅವನು ಅದನ್ನು ತಮ್ಮ ನಡುಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾನೆ. ಅವರ ಮನೆಯ ಎದುರು ಒಂಬತ್ತು ಎಂದಿದ್ದದ್ದನ್ನು ಹೊಡೆದು ಆರು ಎಂದು ತಿದ್ದಿದ್ದಾನೆ.